ಭಾಯಿ ಕಟ್ಟಿದ ಗಂಟು

ಹುಮನಾಬಾದಿನ ಅಗ್ನಿಶಾಮಕ ಠಾಣೆಗೆ ನಾನು ಸೇರಿದ್ದು ತೊಂಬತ್ತರ ದಶಕದಲ್ಲಿ. ಹೆಸರಿಗೆ ಬೆಂಕಿ ಆರಿಸುವವರು. ನಮ್ಮನ್ನು ಹೆಚ್ಚಾಗಿ ಕರೆಯುತ್ತಿದ್ದುದು ಬಾವಿಗಳಿಗೆ. ದನ ಬಿದ್ದರೂ ನಾವೇ, ಜನ ಬಿದ್ದರೂ ನಾವೇ. ಇಳಿಯುವವನ ಸೊಂಟಕ್ಕೆ ಹಗ್ಗ ಕಟ್ಟುವವನು ಬೇರೆ, ಇಳಿಯುವವನು ಬೇರೆ. ಕಟ್ಟಿದ ಗಂಟನ್ನು ಇಳಿಯುವವನು ಮುಟ್ಟಿ ನೋಡಬಾರದು. ಇದನ್ನು ಯಾವ ಸಾಹೇಬರೂ ಕಲಿಸಿರಲಿಲ್ಲ, ನಮ್ಮೊಳಗೇ ಬೆಳೆದು ಬಂದ ರೀತಿ. ಮುಟ್ಟಿದರೆ ಕಟ್ಟಿದವನಿಗೆ ಅವಮಾನ ಮಾಡಿದಂತೆ.

ಇಳಿಯುವವನು ನಾನು. ಕಟ್ಟುವವರು ಬಸವಕಲ್ಯಾಣದ ಒಬ್ಬ ಹಿರಿಯರು, ಠಾಣೆಗೆಲ್ಲ ಅವರು ಭಾಯಿ. ಹಗ್ಗ ಸುತ್ತುತ್ತಾ, "ಹೊಟ್ಟಿ ಒಳಗ ತಗೋ ತಮ್ಮಾ, ಮನ್ಯಾಗ ಊಟ ಭಾಳ ಜೋರ್ ನಡದದ ಕಾಣ್ತದ" ಎಂದು ಛೇಡಿಸುತ್ತಿದ್ದರು. ಆ ಮಾತು ಕೇಳಿದ ಮೇಲೆ ನನಗೆ ಬಾವಿಯ ಭಯವೇ ಇರುತ್ತಿರಲಿಲ್ಲ.

ಎರಡು ಸಾವಿರದ ಇಸವಿಯ ಈಚೆಗೆ ಅವರ ಕೈ ನಡುಗತೊಡಗಿತು. ಚಹಾದ ಕಪ್ಪು ಹಿಡಿದರೆ ಚಹಾ ಕೆಳಗಿನ ಬಸಿಗೆ ತುಳುಕುತ್ತಿತ್ತು. ಎಲ್ಲರೂ ಕಂಡೆವು, ಯಾರೂ ಬಾಯಿ ಬಿಡಲಿಲ್ಲ. ದೊಡ್ಡವರಿಗೆ ಹೇಗೆ ಹೇಳುವುದು ಎಂಬ ಮರ್ಯಾದೆ. ಸುಡುಗಾಡು ಮರ್ಯಾದೆ!

ಒಂದು ಬೇಸಿಗೆಯ ಮಧ್ಯಾಹ್ನ ಮುಡಬಿ ಕಡೆಯ ಹೊಲದಿಂದ ಕರೆ ಬಂತು. ಬಾವಿಯ ಹೂಳು ತೆಗೆಯಲು ಇಳಿದವನು ಜಾರಿ ಬಿದ್ದು ಕೆಳಗೆ ನರಳುತ್ತಿದ್ದ. ಭಾಯಿ ನನ್ನ ಸೊಂಟಕ್ಕೆ ಹಗ್ಗ ಸುತ್ತಿದರು. ಬೆರಳುಗಳು ಗಂಟಿನ ಮೇಲೆ ಬಹಳ ಹೊತ್ತು ತಡಕಾಡಿದವು. ಅಂದು ಅವರು ಛೇಡಿಸಲೂ ಇಲ್ಲ. ನನ್ನ ಕೈ ಗಂಟಿನ ತನಕ ಹೋಯಿತು. ಭಾಯಿಯ ಮುಖ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡು ಇಳಿದೆ.

ಅರ್ಧ ದಾರಿಯಲ್ಲಿ ಗಂಟು ಬಿಚ್ಚಿಕೊಂಡಿತು. ಕೆಸರಿಗೆ ಬಿದ್ದು ಕಾಲು ಮುರಿದುಕೊಂಡೆ. ಉಳಿದವರು ಬೇರೆ ಹಗ್ಗ ಬಿಟ್ಟು ಇಬ್ಬರನ್ನೂ ಮೇಲೆಳೆದರು. ಅವನೂ ಬದುಕಿದ, ನಾನೂ ಬದುಕಿದೆ. ಭಾಯಿ ಮಾತ್ರ ಮತ್ತೆಂದೂ ಹಗ್ಗ ಮುಟ್ಟಲಿಲ್ಲ. ಠಾಣೆಯ ಫೋನ್ ಎತ್ತುವ ಕೆಲಸ ಕೇಳಿಕೊಂಡು, ಅಲ್ಲೇ ಕುಳಿತು ನಿವೃತ್ತರಾದರು. ಗಾಡಿ ಹೊರಟಾಗ ಅವರು ನಮ್ಮ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅದು ನೆನಪಾದರೆ ಇವತ್ತಿಗೂ ನನಗೆ ಸಂಕಟವಾಗುತ್ತದೆ.

ಬಿದ್ದ ಹೊಸದರಲ್ಲಿ, ನಾನು ಕಾಲಿಗೆ ಪಟ್ಟಿ ಹಾಕಿಸಿಕೊಂಡು ಮಲಗಿದ್ದಾಗ, ಭಾಯಿ ಒಮ್ಮೆ ಮನೆಗೆ ಬಂದಿದ್ದರು. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ನನ್ನ ಕೈ ನಡಗ್ತದಂತ ನಿನಗ ಗೊತ್ತಿತ್ತೇನು?"

"ಗೊತ್ತಿತ್ರಿ ಭಾಯಿ."

"ಮತ್ತ ಗಂಟ ಯಾಕ ಮುಟ್ಟಿ ನೋಡ್ಲಿಲ್ಲ?"

"ನಿಮಗ ಬ್ಯಾಸರ ಆಗ್ತದಂತ ಬಿಟ್ಟೇರಿ."



"ನನ್ನ ಕೈ ಮ್ಯಾಗ ನನಗ ನಂಬಿಕಿ ಇರಲಿಲ್ಲ ತಮ್ಮಾ. ನೀ ಮುಟ್ಟಿ ನೋಡ್ತಿ ಅಂತ ನಿನ್ನ ಮ್ಯಾಗ ಇತ್ತು. ಅದಕ್ಕೇ ಕಟ್ಟಿದೆ."