ಪೆಟ್ಟಿಗೆ ಕಟ್ಟಿದ್ದು ಯಾರು?

ಸೆಪ್ಟೆಂಬರಿನ ಎರಡನೆಯ ಶನಿವಾರ ಬೆಳಿಗ್ಗೆ ಮರಿಸೊಲ್ ನೆಲಮಾಳಿಗೆಯ ಕೋಣೆಯ ನಡುವೆ ಖಾಲಿ ರಟ್ಟಿನ ಪೆಟ್ಟಿಗೆ ನಿಲ್ಲಿಸಿ ಅದರ ತಳಕ್ಕೆ ಮೂರು ಸುತ್ತು ಟೇಪು ಹಚ್ಚಿದಳು. ಪೆಟ್ಟಿಗೆ ಅವಳ ಸೊಂಟದೆತ್ತರಕ್ಕಿತ್ತು. ಕೆನಡಾದ ವಿನಿಪೆಗ್ ಬಿಟ್ಟ ಪೆಟ್ಟಿಗೆ ಹಡಗು ಹತ್ತಿ ಫಿಲಿಪ್ಪೀನ್ಸಿನ ಇಲೊಇಲೊ ಮುಟ್ಟಲು ಎರಡೂವರೆ ತಿಂಗಳಾದರೂ ಬೇಕು. ಕ್ರಿಸ್‌ಮಸ್ಸಿಗೆ ಅತ್ತೆಯ ಕೈ ಸೇರಬೇಕಾದರೆ ಈ ವಾರವೇ ಹೊರಡಬೇಕು. ಗಂಡ ಅರ್ನೆಲ್ ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಳಗಿನ ಪಾಳಿಗೆ ಹೋಗಿದ್ದ. ಈ ಪೆಟ್ಟಿಗೆಯನ್ನು ಸೊಸೆಯೇ ಕಟ್ಟಿದಳೆಂದು ಅಲ್ಲಿ ಮನೆಮಂದಿಗೆಲ್ಲ ಗೊತ್ತಾಗಬೇಕೆಂಬುದು ಅವಳ ಹಟ.

ವೀಸಾಕ್ಕೆ ಕಾದ ಮೂರು ವರ್ಷ ಅವಳು ಅತ್ತೆಯ ಮನೆಯಲ್ಲಿ ಅರ್ನೆಲ್ ಕಳಿಸಿದ ಪೆಟ್ಟಿಗೆ ಬಿಚ್ಚಿದವಳು. ಒಟ್ಟು ಐದು ಬಂದವು. ಟವೆಲ್ಲುಗಳು ಸುರುಳಿ ಸುರುಳಿ, ಬೂಟಿನೊಳಗೆ ಕಾಲುಚೀಲ, ಕಾಲುಚೀಲದೊಳಗೆ ಟೂತ್‌ಪೇಸ್ಟು. ಯಾವುದು ಯಾರಿಗೆಂದು ಹಸಿರು ಶಾಯಿಯ ದುಂಡಗಿನ ಅಕ್ಷರ. ಒಂದು ಕೈಚೀಲ ನೆಟ್ಟಗೆ ತುಂಬಲೂ ಬಾರದ ಗಂಡನ ಕೆಲಸ ಇದಲ್ಲವೆಂದು ಮೊದಲ ಪೆಟ್ಟಿಗೆಯಲ್ಲೇ ತಿಳಿಯಿತು.

"ಯಾರು ಕಟ್ಟಿದ್ದು?" ಎಂದು ಫೋನಿನಲ್ಲಿ ಕೇಳಿದ್ದಳು.

"ನೆನಿತಕ್ಕ. ಮನೆ ಓನರು. ಪಾಪ, ತುಂಬಾ ಸಹಾಯ ಮಾಡ್ತಾರೆ."

ಮರಿಸೊಲ್ ಯಾರೋ ಬಿಳಿಗೂದಲ ಮುದುಕಿಯಿರಬೇಕು ಅಂದುಕೊಂಡಳು. ಜನವರಿಯಲ್ಲಿ ವಿಮಾನ ನಿಲ್ದಾಣದಲ್ಲಿ ಅರ್ನೆಲ್ ಪಕ್ಕ ನಿಂತಿದ್ದವಳಿಗೆ ನಲವತ್ತು ದಾಟಿರಲಿಲ್ಲ. ತುಟಿಗೆ ಕೆಂಪು, ಕೈಯಲ್ಲಿ ಒಂದು ದಪ್ಪ ಕೋಟು. ಅದು ಮರಿಸೊಲ್‌ಗೆ ಹೇಳಿ ಹೊಲಿಸಿದ ಹಾಗೆ ಕೂತಿತು.

"ನಂದೇ ಕಣೇ. ನಮ್ಮಿಬ್ಬರದೂ ಒಂದೇ ಅಳತೆ ಅಂತ ಅರ್ನೆಲ್ ಹೇಳಿದ್ದ," ಎಂದಳು ನೆನಿತಾ.

ಹೆಂಡತಿಯ ಅಳತೆ ಹೇಳುವಾಗ ಅವನು ಯಾರನ್ನು ನೋಡಿಕೊಂಡು ಹೇಳಿದ ಎಂಬ ಯೋಚನೆ ಆ ಚಳಿಗಾಲವಿಡೀ, ಕೋಟಿನ ಗುಂಡಿ ಹಾಕಿದಾಗಲೆಲ್ಲ, ಅವಳನ್ನು ಚುಚ್ಚಿತು.

ಒಂದು ಭಾನುವಾರ ಅವಳು ವಿನೆಗರ್ ಹಾಕಿ ಕೋಳಿ ಬೇಯಿಸುತ್ತಿದ್ದಾಗ ನೆನಿತಾ ಪಾತ್ರೆಗೆ ಇಣುಕಿದಳು. "ಹುಳಿ ಕಮ್ಮಿ ಮಾಡೇ. ಅವನಿಗೆ ಎದೆಯುರಿ ಅಲ್ವಾ, ಎರಡು ವರ್ಷದಿಂದ?" ಎದೆಯುರಿಯ ಸುದ್ದಿ ಹೆಂಡತಿಗೆ ಹೊಸದು. ಇನ್ನೊಂದು ದಿನ ನಗುನಗುತ್ತಲೇ ಅಂದಳು: "ನಿಮ್ಮದು ನಿಜವಾದ ಮದುವೆ ಅಂತ ಇಮಿಗ್ರೇಷನ್ನಿಗೆ ಬರ್ಕೊಟ್ಟವಳು ನಾನು. ಸಾಕ್ಷಿಗೆ ನಿಮ್ಮ ಮೆಸೇಜನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿದ್ದೂ ನಾನೇ. ಅಬ್ಬಾ, ಎಂಥ ಜಗಳಗಂಟಿ ನೀನು!"

ಗಂಡನಿಗೆಂದೇ ಬರೆದದ್ದನ್ನೆಲ್ಲ ಓದಿದವಳಿಗೆ ಮರಿಸೊಲ್ ಥ್ಯಾಂಕ್ಸ್ ಹೇಳಬೇಕಾಯಿತು.

"ಅವಳ ಜೊತೆ ನಿಂಗೇನು?" ಎಂದು ಅಂದೇ ಅರ್ನೆಲ್‌ನನ್ನು ಕೇಳಿದಳು.

"ತಲೆ ಕೆಟ್ಟಿದ್ಯಾ? ಅಕ್ಕ ಅಂತ ಕರೀತೀನಿ ಅವರನ್ನ."

"ಬಸ್ ಓಡಿಸೋಳನ್ನೂ ಅಕ್ಕ ಅಂತೀಯ."

ಅವನು ಸುಳ್ಳು ಹೇಳುತ್ತಿಲ್ಲವೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಹೊಟ್ಟೆಕಿಚ್ಚು ಆರಲಿಲ್ಲ. ಆ ಮೂರು ವರ್ಷ ಅವನು ಏನು ಉಂಡ, ಯಾವಾಗ ಜ್ವರ ಬಂದು ಮಲಗಿದ ಎಂಬುದೆಲ್ಲ ಗೊತ್ತಿದ್ದವಳು ಮೇಲಿನ ಮಹಡಿಯಲ್ಲಿದ್ದಳು.

ಈಗ ಮೆಟ್ಟಿಲ ಮೇಲೆ ಅವಳದೇ ಚಪ್ಪಲಿಯ ಸದ್ದು.

"ಅಯ್ಯೋ, ಒಬ್ಬಳೇ ಕೂತಿದ್ದೀಯ? ತಡಿ, ನಾನೂ ಕೈ ಹಾಕ್ತೀನಿ." ನೆನಿತಾ ಬಗ್ಗಿ ನೋಡಿದಳು. "ಆ ಸೋಪಿದೆಯಲ್ಲ, ಅದನ್ನ..."

"ನಂಗೆ ಗೊತ್ತು ಅಕ್ಕಾ. ಐದು ಪೆಟ್ಟಿಗೆ ನೋಡಿದೀನಿ."

"ಬಿಚ್ಚಿದ್ದು ನೋಡಿದೀಯ."

"ಕಟ್ಟೋದೂ ಬರುತ್ತೆ."

"ಆಯ್ತಮ್ಮಾ ಮಹಾರಾಣಿ," ಎಂದು ನೆನಿತಾ ಮೇಲೆ ಹೋದಳು.

ಮರಿಸೊಲ್ ಹನ್ನೆರಡು ಸೋಪುಗಳನ್ನು ಚಾಕಲೇಟಿನ ಚೀಲಗಳ ಸಂದಿಗೆ ಒಂದೊಂದಾಗಿ ತುರುಕಿದಳು. ಎಲ್ಲರ ಹೆಸರನ್ನೂ ಕಪ್ಪು ಶಾಯಿಯಲ್ಲಿ ಬರೆದಳು. ಮುಚ್ಚಳ ಕೂರದಾದಾಗ ಅದರ ಮೇಲೆ ತಾನೇ ಕೂತು ಟೇಪು ಎಳೆದಳು.

ಡಿಸೆಂಬರ್ ಹತ್ತೊಂಬತ್ತಕ್ಕೆ ಇಲೊಇಲೊದಿಂದ ವಿಡಿಯೊ ಕರೆ ಬಂತು. ಅತ್ತೆ ಚಾಕಲೇಟು ಬಾಯಿಗೆ ಹಾಕಿ, ಎರಡು ಸಲ ಅಗಿದು, ನಿಲ್ಲಿಸಿದರು.

"ಮಗಳೇ, ಇದು ತಿನ್ನೋದಾ, ಮೈಗೆ ಹಚ್ಚೋದಾ?"

ಹಿಂದೆ ನಿಂತವರೆಲ್ಲ ನಕ್ಕರು. ಇತ್ತ ಅರ್ನೆಲ್ ಕೂಡ ನಕ್ಕ.

"ಈ ಸಲ ನೆನಿತಾ ಕಟ್ಟಲಿಲ್ವಾ? ಅವಳು ಸೋಪಿಗೆ ಪ್ಲಾಸ್ಟಿಕ್ಕು ಎರಡೆರಡು ಸುತ್ತು ಸುತ್ತಿರ್ತಿದ್ಲು."

ಅತ್ತೆಗೂ ಆ ಹೆಸರು ಗೊತ್ತೆಂದು ಮರಿಸೊಲ್‌ಗೆ ತಿಳಿದದ್ದು ಆಗಲೇ.

"ಇಲ್ಲಮ್ಮ," ಎಂದಳು. "ನಾನು ಕಟ್ಟಿದ್ದು."

ಫೆಬ್ರವರಿ ಒಂದರಂದು ಅವಳೂ ಅರ್ನೆಲ್ಲೂ ನದಿಯಾಚೆಯ ಒಂದು ಕೋಣೆಯ ಬಾಡಿಗೆ ಮನೆಗೆ ಹೋದರು. ಹೊರಡುವ ಮುಂಚೆ ಕೋಟನ್ನು ಒಗೆದು ಒಣಗಿಸಿ ನೆನಿತಾಳ ಮೆಟ್ಟಿಲ ಕಂಬಕ್ಕೆ ತೂಗುಹಾಕಿದಳು. ಹೊರಗೆ ಮೈನಸ್ ಇಪ್ಪತ್ತೊಂಬತ್ತು ಡಿಗ್ರಿ ಇತ್ತು. ಅರ್ನೆಲ್‌ನ ಎರಡು ಸ್ವೆಟರು ಒಂದರ ಮೇಲೊಂದು ಹಾಕಿಕೊಂಡು ಅವಳು ಬಸ್ಸಿಗೆ ನಿಂತಳು.