ಹೊಳೆ ಏರದಂಥ ರಸ್ತೆ

ಮಾದನಹಿಪ್ಪರಗಾದ ಗುರಣ್ಣ ಹಿರಿಯ ಮಗಳಿಗೆ ವರ ಹುಡುಕಲು ಹೊರಟಾಗ ಹೊಲ ಎಷ್ಟಿದೆ ಎಂದು ಕೇಳಲಿಲ್ಲ, ಹುಡುಗನ ಮುಖವನ್ನೂ ಅಷ್ಟಾಗಿ ನೋಡಲಿಲ್ಲ. ರಸ್ತೆ ನೋಡಿದರು. ಅವರಿಗೆ ನಲವತ್ತು ದಾಟುವ ಮೊದಲೇ ಮೊಣಕಾಲು ಹಿಡಿದುಕೊಂಡಿದ್ದವು.

“ಮನಿ ಮುಂದ ಬಸ್ಸು ನಿಂದ್ರಬೇಕು,” ಎಂದು ಅವರು ಮಧ್ಯಸ್ಥರಿಗೆ ಕಡ್ಡಿ ಮುರಿದಂತೆ ಹೇಳಿದ್ದರು. “ಬಸ್ ಇಳದ ಕೂಡ್ಲೆ ಮಗಳ ಕೈಯಾಗಿಂದು ನೀರು ಕುಡೀಬೇಕು. ಇಳದು ನಡಿಯೂದಿದ್ರ ಆ ಊರಿಗೆ ನಾ ಹೆಣ್ಣು ಕೊಡಂಗಿಲ್ಲ.”

ಹೀಗಾಗಿ ಹೀರಾಬಾಯಿ 1972ರಲ್ಲಿ ಅಫಜಲಪುರ ತಾಲೂಕಿನ ಹೊಳಿಸಂಗೂರಿನ ಸೊಸೆಯಾದಳು. ಅಫಜಲಪುರದಿಂದ ಜೇವರ್ಗಿಯ ಕಡೆಗೆ ಭೀಮಾ ಹೊಳೆಯ ದಂಡೆಗುಂಟ ಹೋಗುವ ಆ ರಸ್ತೆ ನಿಜಾಮನ ಕಾಲದ್ದು. ಹೊಳೆ ಎಲ್ಲಿ ಹೊರಳಿತೋ ಅಲ್ಲಿ ಅದೂ ಹೊರಳುತ್ತಿತ್ತು. ದಂಡೆಯ ಮೇಲಿನ ಒಂದೊಂದು ಊರನ್ನೂ ಮಾತಾಡಿಸಿಕೊಂಡೇ ಮುಂದೆ ಹೋಗುತ್ತಿತ್ತು. ಹೊಳಿಸಂಗೂರಿನಲ್ಲಂತೂ ಬಸ್ಸು ನಿಲ್ಲುತ್ತಿದ್ದುದು ಹೀರಾಬಾಯಿಯ ಮನೆಯ ಕಟ್ಟೆಯ ಎದುರಿಗೇ.

ಗಂಡ ಶಾಂತಲಿಂಗಪ್ಪ ಮಿತಭಾಷಿ. ಆದ್ದರಿಂದ ಮನೆಯ ಪಾಲಿನ ಮಾತೆಲ್ಲ ಹೀರಾಬಾಯಿಗೆ ಬಂತು, ಕೆಲವೇ ವರ್ಷಗಳಲ್ಲಿ ಬಸ್ಸಿನ ಪಾಲಿನದೂ ಬಂತು. ಡ್ರೈವರನಿಗೆ ತಣ್ಣೀರು, ಕಂಡಕ್ಟರ್ ಖಾದರಸಾಬನಿಗೆ ಒಂದು ಬಟ್ಟಲು ಮಜ್ಜಿಗೆ ಕೊಟ್ಟರೆ ಬಸ್ಸು ಆಕೆಯ ಮಾತು ಕೇಳುತ್ತಿತ್ತು. “ಖಾದರಣ್ಣಾ, ಸ್ವಲ್ಪ ತಡೀರಿ, ಪಾಟೀಲರ ಮನಿ ಮುದುಕಿ ಇನ್ನಾ ಸೀರಿ ಉಡಾಕತ್ತಾಳ” ಎಂದರೆ ಐವತ್ತು ಜನ ಬೆವರು ಒರೆಸಿಕೊಳ್ಳುತ್ತ ಮುದುಕಿಯ ನಿರಿಗೆ ಮುಗಿಯುವವರೆಗೆ ಕಾಯುತ್ತಿದ್ದರು. ಸುಗ್ಗಿಯಲ್ಲಿ ರಸ್ತೆಯ ಮೇಲೇ ಸಜ್ಜೆಯ ತೆನೆ ಹರವುತ್ತಿದ್ದಳು. ಲಾರಿ, ಬಸ್ಸುಗಳು ಪುಕ್ಕಟೆಯಾಗಿ ತುಳಿದು ಕೊಟ್ಟು ಹೋಗುತ್ತಿದ್ದವು.

ತಂಗಿ ಶಿವಕಾಂತಾಳ ಮದುವೆಯ ಹೊತ್ತಿಗೆ ಹೀರಾಬಾಯಿಯ ಮಾತಿಗೆ ತವರಿನಲ್ಲೂ ತೂಕ ಬಂದಿತ್ತು. ಆಕೆಯೇ ನಿಂತು ಮಾಡಿಸಿದ ಸಂಬಂಧ ಅದು. ಹೊಳಿಸಂಗೂರಿನಿಂದ ಒಂದು ಹರದಾರಿ ಮೇಲಕ್ಕೆ, ಎರೆಹೊಲಗಳ ನಡುವೆ ದಿಬ್ಬದ ಮೇಲಿದ್ದ ಮಡ್ಡಿನಾಳ ಎಂಬ ಊರು. ಹುಡುಗ ಹಣಮಂತರಾಯ ಒಳ್ಳೆಯ ಒಕ್ಕಲುತನದವ. ರಸ್ತೆ ಮಾತ್ರ ಇರಲಿಲ್ಲ, ಎತ್ತಿನ ಬಂಡಿಯ ಜಾಡಿತ್ತು. ಗುರಣ್ಣ ಮೊಣಕಾಲು ಸವರಿಕೊಳ್ಳುತ್ತ ಅನುಮಾನಿಸಿದರು.

“ಮಡ್ಡಿನಾಳಕ್ಕ ರಸ್ತೆ ಯಾಕ ಬೇಕಪ್ಪಾ?” ಎಂದಳು ಹೀರಾಬಾಯಿ. “ನಮ್ಮ ಮನಿ ಅದಲ್ಲ? ನೀ ನಮ್ಮಲ್ಲಿ ಇಳಿ. ಆಕಿನ್ನ ಅಲ್ಲಿಗೇ ಕರಸ್ತೇನಿ.”

ಅಂದಂತೆಯೇ ನಡೆಯಿತು. ಅಪ್ಪನನ್ನು ನೋಡುವುದಿರಲಿ, ಸಂತೆಗೆ ಹೋಗುವುದಿರಲಿ, ಶಿವಕಾಂತಾ ಅಕ್ಕನ ಮನೆಗೆ ಇಳಿದು ಬರಬೇಕು. ಮಳೆಗಾಲದಲ್ಲಿ ಎರೆಮಣ್ಣು ಹೆಜ್ಜೆಗೊಂದು ಪದರ ಹತ್ತಿ, ಹೊಳಿಸಂಗೂರು ಮುಟ್ಟುವಾಗ ಒಂದೊಂದು ಕಾಲೂ ಒಂದೊಂದು ಕೊಡದಷ್ಟು ಭಾರವಾಗಿರುತ್ತಿತ್ತು. ಅಂಗಳದ ಅಂಚಿನಲ್ಲಿ ಕುಳಿತು ಒಡೆದ ಗಡಿಗೆಯ ಬೋಕಿಯಿಂದ ಕೆಸರು ಕೆರೆದುಕೊಳ್ಳುವ ತಂಗಿಯನ್ನು ನೋಡಿ ಹೀರಾಬಾಯಿ ಬಸ್ಸಿನವರಿಗೂ ಕೇಳುವ ಹಾಗೆ ನಗುತ್ತಿದ್ದಳು. “ಮಡ್ಡಿನಾಳದ ಹೊಲ ಎಲ್ಲಾ ನಮ್ಮ ಅಂಗಳಕ್ಕ ತಂದಿಯೇನಬೇ? ನಿನ್ನ ಗಂಡಗ ಬಿತ್ತಾಕ ಏನರ ಉಳಿಸೀಯೋ ಇಲ್ಲೋ?” ಪ್ರೀತಿಯಿಂದಲೇ ಅನ್ನುತ್ತಿದ್ದಳು. ಆದರೆ ಪ್ರತಿ ಸಲವೂ ಅನ್ನುತ್ತಿದ್ದಳು. ಶಿವಕಾಂತಾ ತಲೆ ಎತ್ತದೆ ಕೆರೆದುಕೊಳ್ಳುತ್ತಿದ್ದಳು.

ದಂಡೆಯ ರಸ್ತೆಗೆ ಇದ್ದ ಒಂದೇ ಶತ್ರು ಹೊಳೆ. ಭೀಮಾ ತುಂಬಿದ ವರ್ಷ ರಸ್ತೆ ನೀರಿನಡಿಗೆ ಹೋಗುತ್ತಿತ್ತು. ಬಸ್ಸು ಬಾರದ ಆ ದಿನಗಳಲ್ಲಿ ಹೀರಾಬಾಯಿಗೆ ಕೈಕಾಲು ಆಡುತ್ತಿರಲಿಲ್ಲ. 1980ರ ಚುನಾವಣೆಯ ಸಮಯದಲ್ಲಿ ಒಬ್ಬ ಪುಢಾರಿಯ ಜೀಪು ಮನೆಯ ಮುಂದೆ ಹಾಯಿತು. ಬಸ್ಸು ನಿಲ್ಲಿಸಿ ರೂಢಿಯಿದ್ದ ಹೀರಾಬಾಯಿ ಜೀಪನ್ನೂ ಕೈ ಅಡ್ಡ ಮಾಡಿ ನಿಲ್ಲಿಸಿದಳು.

“ಸಾಹೇಬ್ರ, ಓಟು ಆಮ್ಯಾಲೆ. ಮೊದಲ ರಸ್ತೆ. ಹೊಳಿ ಏರದಂಥ ರಸ್ತೆ ಮಾಡಿಸಿ ಕೊಡ್ರಿ.”

ಊರೆಲ್ಲ ಚಪ್ಪಾಳೆ ತಟ್ಟಿತು. ಪುಢಾರಿ ಕೈಮುಗಿದು, “ಆಯ್ತು ತಾಯಿ, ಬರದು ಇಟಗೋರಿ” ಎಂದ. ಪುಢಾರಿಗಳ ಮಾತು ನಡೆಯುವುದಿಲ್ಲ ಎಂಬ ಜನರ ನಂಬಿಕೆ ಆ ಸಲ ಸುಳ್ಳಾಯಿತು.

ಮುಂದಿನ ವರ್ಷ ಇಂಜಿನಿಯರ್ ಒಬ್ಬರು ಇಬ್ಬರು ಆಳುಗಳೊಂದಿಗೆ ಬಂದರು. ಹೀರಾಬಾಯಿ ಅವರನ್ನು ಬೇರೆ ಯಾರ ಮನೆಗೂ ಬಿಡಲಿಲ್ಲ. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಡಿಸಿದಳು. ಊಟದ ನಡುವೆ ಅವರು ಕೇಳಿದರು, “ಹೊಳಿ ಭಾಳ ಅಂದ್ರ ಎಲ್ಲಿತನಾ ಬಂದಿತ್ತವ್ವಾ?”

ಮನೆಯ ಗೋಡೆಯ ಮೇಲೆ ಹಳೆಯ ಮಹಾಪೂರದ ಕಲೆ ಇತ್ತು, ದೀಪದ ಗೂಡಿಗಿಂತ ಗೇಣು ಕೆಳಗೆ. ಆದರೆ ಅಷ್ಟು ದೂರದಿಂದ ಬಂದವರಿಗೆ ಗೂಡಿನ ಕೆಳಗಿನ ಕಲೆ ತೋರಿಸಿದರೆ ಏನು ಮನಸ್ಸಿಗೆ ಹತ್ತೀತು? ಹೀರಾಬಾಯಿ ಕೈ ಎತ್ತಿ ತಲೆಯ ಮೇಲಿನ ಜಂತಿ ತೋರಿಸಿದಳು.

“ಅಲ್ಲಿಗೆ ಬಡದಿತ್ರಿ ನೀರು! ದನಾ ತೇಲಿ ಹೋದ್ವು!”

ಶಾಂತಲಿಂಗಪ್ಪ ಕೆಮ್ಮಿದರು. ಹೀರಾಬಾಯಿ ಅವರ ಗಂಗಾಳಕ್ಕೆ ಇನ್ನೊಂದು ರೊಟ್ಟಿ ಹಾಕಿದಳು. ಇಂಜಿನಿಯರು ಜಂತಿಯನ್ನು ನೋಡಿದರು, ಬಾಗಿಲಾಚೆ ಹೊಳೆಯನ್ನು ನೋಡಿದರು, ಆಮೇಲೆ ಹಿತ್ತಲ ಕಡೆಗೆ ತಿರುಗಿ ದಿಬ್ಬವನ್ನು ಬಹಳ ಹೊತ್ತು ನೋಡಿದರು.

ಸರ್ವೆಯ ಬಿಳಿ ಕಲ್ಲುಗಳು ಮಡ್ಡಿನಾಳದ ಹೊಲಗಳಲ್ಲಿ ಬಿದ್ದವು. ಹೀರಾಬಾಯಿ ಮೊದಲು ನಂಬಲಿಲ್ಲ. ಕಾಲುವೆಯ ಕಲ್ಲಿರಬೇಕು ಎಂದಳು. ಜೆಲ್ಲಿ ಬಿದ್ದು ರೋಲರು ಬಂದ ಮೇಲೆ ನಂಬಿದಳು.

“ನಾ ಕೇಳಿದ್ದು ಈ ರಸ್ತಾ ಎತ್ತರ ಮಾಡ್ರಿ ಅಂತ,” ಎಂದು ಗಂಡನ ಮುಂದೆ ಸಿಡಿಮಿಡಿಗೊಂಡಳು.

“ನೀ ಕೇಳಿದ್ದು ಹೊಳಿ ಏರದಂಥ ರಸ್ತಾ. ಕೊಟ್ಟಾರ,” ಎಂದರು ಶಾಂತಲಿಂಗಪ್ಪ. ಆ ವರ್ಷ ಅವರಾಡಿದ ಅತಿ ಉದ್ದನೆಯ ಮಾತು ಅದು.

1984ರಲ್ಲಿ ಮೇಲಿನ ರಸ್ತೆ ತೆರೆಯಿತು. ಹೊಳೆಯ ಕಡೆ ಕತ್ತೂ ಹೊರಳಿಸದೆ, ಗೆರೆ ಹೊಡೆದ ಹಾಗೆ ನೆಟ್ಟಗೆ ಹೋಗುವ ಡಾಂಬರು ರಸ್ತೆ. ಎರಡು ತಾಸಿನ ದಾರಿ ಒಂದೇ ತಾಸಿನದಾಯಿತು. ಖಾದರಸಾಬ ಕೊನೆಯ ಬಾರಿ ಮಜ್ಜಿಗೆ ಕುಡಿದು ಬಟ್ಟಲನ್ನು ತಾನೇ ತೊಳೆದಿಟ್ಟ.

“ಅಕ್ಕಾ, ನಾಳಿಂದ ಮ್ಯಾಲಿನ ರಸ್ತಾರಿ. ನಮ್ಮ ಕೈಯಾಗ ಏನೈತಿ?”

“ನಿಮ್ಮ ಕೈಯಾಗ ಏನೂ ಇಲ್ಲ ಖಾದರಣ್ಣಾ. ನನ್ನ ಕೈಯಾಗ ಇತ್ತು. ಜಂತಿ ತನಾ ಮ್ಯಾಲ ಎತ್ತಿಬಿಟ್ಟೆ.”

ಹಳೆಯ ರಸ್ತೆಯ ಮೇಲೆ ಆಕೆ ಆ ವರ್ಷವೂ ಸಜ್ಜೆ ಹರವಿದಳು. ತುಳಿಯಲು ಒಂದು ಗಾಲಿಯೂ ಬರಲಿಲ್ಲ. ನಾಲ್ಕು ದಿನ ಕಾಯ್ದು, ಗಂಡ ಹೆಂಡತಿ ಬಡಿಗೆ ಹಿಡಿದು ಬಡಿದರು. ವಿಚಿತ್ರವೆಂದರೆ, ರಸ್ತೆ ಹೋದ ಮೇಲೆ ಹೊಳೆಯೂ ಹಟ ಬಿಟ್ಟಂತಾಯಿತು. ಎಷ್ಟೋ ವರ್ಷ ದಂಡೆ ದಾಟಲೇ ಇಲ್ಲ.

ಈಗ ಬಸ್ಸು ಹಿಡಿಯಬೇಕಾದರೆ ಮಡ್ಡಿನಾಳಕ್ಕೆ ಹತ್ತಬೇಕು, ಶಿವಕಾಂತಾಳ ಮನೆಯ ಮುಂದೆ ನಿಲ್ಲಬೇಕು. ಹೀರಾಬಾಯಿ ಊರು ಬಿಡುವುದನ್ನೇ ಬಿಟ್ಟಳು. ಆಳಂದದಲ್ಲಿ ಚಿಕ್ಕಪ್ಪನ ಮಗನ ಮದುವೆಯಾಯಿತು, ಸೊಂಟನೋವು ಎಂದಳು. ಇನ್ನೊಂದು ಮದುವೆಗೆ ಹಲ್ಲುನೋವು ಎಂದಳು. ಗುರಣ್ಣ ಮಾತ್ರ ತಮ್ಮ ತತ್ವ ಬಿಡಲಿಲ್ಲ. ಬಸ್ಸು ಎಲ್ಲಿ ನಿಲ್ಲುತ್ತದೋ ಅಲ್ಲೇ ಅವರ ಮಗಳ ಮನೆ. ಈಗ ಶಿವಕಾಂತಾಳ ಕಟ್ಟೆಯಲ್ಲಿ ಇಳಿದು, ನೀರು ಕುಡಿದು, ಅಲ್ಲಿಂದಲೇ ಹೇಳಿ ಕಳಿಸುತ್ತಿದ್ದರು: “ಹೀರಾಬಾಯಿಗೆ ಇಲ್ಲೇ ಬಾ ಅನ್ರಿ.” ಹತ್ತು ವರ್ಷ ಹಿಂದೆ ಆಕೆಯೇ ಕಲಿಸಿಕೊಟ್ಟ ವ್ಯವಸ್ಥೆ.

ಎರಡು ಸಲ ಹೇಳಿ ಕಳಿಸಿದಾಗ ಹೋಗಲಿಲ್ಲ. ಮೂರನೆಯ ಸಲ, ಶ್ರಾವಣದಲ್ಲಿ, ಅಪ್ಪನಿಗೆ ಜ್ವರ ಎಂಬ ಸುದ್ದಿ ಬಂತು. ಜಿಟಿಜಿಟಿ ಮಳೆಯಲ್ಲೇ ಹೊರಟಳು. ಆ ದಾರಿಯನ್ನು ಮಳೆಯಲ್ಲಿ ಆಕೆ ನಡೆದಿದ್ದು ಅದೇ ಮೊದಲು. ಅರ್ಧ ದಾರಿಗೆ ಚಪ್ಪಲಿಯನ್ನು ಮಣ್ಣು ನುಂಗಿತು. ಮಡ್ಡಿನಾಳದ ಅಂಗಳ ಮುಟ್ಟಿದಾಗ ಸೀರೆಯ ಅಂಚು ಯಾವುದು, ಎರೆಮಣ್ಣು ಯಾವುದು ತಿಳಿಯುತ್ತಿರಲಿಲ್ಲ. ಶಿವಕಾಂತಾ ಹೊರಗೆ ಬಂದಳು. ಅಕ್ಕನ ಮುಖ ನೋಡಿದಳು, ಕಾಲು ನೋಡಿದಳು. ಇಷ್ಟು ವರ್ಷ ನುಂಗಿದ ಮಾತು ಈಗ ಹೊರಬೀಳುತ್ತದೆ ಎಂದು ಹೀರಾಬಾಯಿ ಅಂಗಳದಲ್ಲೇ ಕಾದು ನಿಂತಳು.

ಮಾತು ಬಂದದ್ದು ಒಳಗಿನಿಂದ. ಕಣ್ಣು ಮಂಜಾಗಿದ್ದ ಗುರಣ್ಣ ಹಾಸಿಗೆಯಲ್ಲಿಂದಲೇ ಕೂಗಿದರು, “ಯಾರಬೇ ಅದು? ಸಾರಿಸಿದ ಅಂಗಳ ಎಲ್ಲಾ ಹೊಲಸು ಮಾಡಾಕತ್ತಾರ!”

ಶಿವಕಾಂತಾ ತಿರುಗಿ ಹೇಳಿದಳು, “ನಮ್ಮ ಅಕ್ಕ ಬಂದಾಳಪ್ಪಾ. ಅಂಗಳ ನಂದು. ಹೊಲಸಾದ್ರ ನಾ ಸಾರಸ್ತೇನಿ, ನೀ ಸುಮ್ಮ ಮಲಕೋ.”

ಆಮೇಲೆ ಒಂದು ಬೋಕಿ ತಂದು, ಅಕ್ಕನನ್ನು ಕಲ್ಲಿನ ಮೇಲೆ ಕೂರಿಸಿ, ತಾನೇ ಆಕೆಯ ಕಾಲು ಹಿಡಿದು ಕೆಸರು ಕೆರೆಯತೊಡಗಿದಳು. ಹೀರಾಬಾಯಿ ಕಾಲು ಹಿಂದಕ್ಕೆ ಎಳೆದುಕೊಂಡಳು.

“ಬಿಡಬೇ, ನಾ ತೊಳಕೋತೀನಿ.”

“ನಿನಗ ಬರಂಗಿಲ್ಲ,” ಎಂದಳು ಶಿವಕಾಂತಾ. “ಹಿಮ್ಮಡದಿಂದ ಕೆರೀಬೇಕು. ಬೆರಳಿಂದ ಕೆರದ್ರ ಹೋಗಂಗಿಲ್ಲ.”

ಹೀರಾಬಾಯಿಗೆ ಅಳು ಬಂತು. ಮಳೆ ಬರುತ್ತಿದ್ದುದರಿಂದ ಅದು ಲೆಕ್ಕಕ್ಕೆ ಬರಲಿಲ್ಲ.

ಗುರಣ್ಣ ಆ ಜ್ವರದಿಂದ ಎದ್ದರು, ಇನ್ನೂ ಮೂರು ವರ್ಷ ಬಸ್ಸಿನಲ್ಲಿ ಓಡಾಡಿ ತೀರಿಕೊಂಡರು. ಅಕ್ಕ ತಂಗಿಯರ ನಡುವಿನ ಹರದಾರಿ ಮಾತ್ರ ಕಡಿಮೆಯಾಗುತ್ತ ಬಂತು. ಹೀರಾಬಾಯಿ ಬೇಸಿಗೆಯಲ್ಲಿ ಕೆಲಸವಿಲ್ಲದೆಯೂ ಹತ್ತಿ ಬರತೊಡಗಿದಳು. ಆಗ ತಿಳಿಯಿತು, ತಂಗಿಗೂ ರಸ್ತೆಯಿಂದ ಅಂಥ ಸುಖವೇನೂ ಆಗಿರಲಿಲ್ಲ. ಹೊಲ ನಟ್ಟನಡುವೆ ಸೀಳಿಹೋಗಿತ್ತು. ಲಾರಿ ಹಾಯ್ದಾಗಲೆಲ್ಲ ಗೋಡೆಯ ಮೇಲಿನ ಹಿತ್ತಾಳೆ ಪಾತ್ರೆಗಳು ಗುಲ್ಲು ಎಬ್ಬಿಸುತ್ತಿದ್ದವು. ತೊಂಬತ್ತರ ನಂತರ ಬಂದ ವೇಗದ ಬಸ್ಸುಗಳಿಗೆ ಮಡ್ಡಿನಾಳ ಒಂದು ಊರೇ ಆಗಿರಲಿಲ್ಲ. ಧೂಳೆಬ್ಬಿಸಿ ಹೋಗುತ್ತಿದ್ದವು. ಶಿವಕಾಂತಾ ಕೈ ಮಾಡಿ ಮಾಡಿ ಸೋತಿದ್ದಳು.

“ಕೈ ಹಿಂಗ ಮಾಡ್ತಾರೇನಬೇ?” ಎಂದು ಹೀರಾಬಾಯಿ ರಸ್ತೆಯ ನಡುವೆ ಹೋಗಿ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು. ಬಸ್ಸು ಕಿರ್ರೆಂದು ನಿಂತಿತು. ಡ್ರೈವರ್ ಬಾಯಿಗೆ ಬಂದದ್ದು ಅಂದ. ಬಾಗಿಲಲ್ಲಿ ತಲೆ ನರೆತ ಖಾದರಸಾಬ ಇಣುಕಿದ.

“ಅಕ್ಕಾ, ಇಲ್ಲಿ ಸ್ಟಾಪ್ ಇಲ್ರಿ!”

“ನಾ ನಿಂತೇನಲ್ಲ?”

ಅಂದಿನಿಂದ ಆ ಬಸ್ಸು ಖಾದರಸಾಬನಿದ್ದ ದಿನ ಮಾತ್ರ ಅಲ್ಲಿ ನಿಲ್ಲತೊಡಗಿತು.

1993ರ ಮಳೆಗಾಲದಲ್ಲಿ ಜೇವರ್ಗಿಗೆ ಕೊಟ್ಟಿದ್ದ ಹೀರಾಬಾಯಿಯ ಮಗಳು ಗಂಡನ ಮನೆಯಲ್ಲೇ ಹೆತ್ತಳು. ಕೂಸನ್ನು ತೊಟ್ಟಿಲಿಗೆ ಹಾಕುವ ಹಿಂದಿನ ದಿನ ಹೀರಾಬಾಯಿ ಕೂಸಿಗೆ ಕುಲಾಯಿ, ಮಗಳಿಗೆ ಕುಬಸ ಗಂಟು ಕಟ್ಟಿಕೊಂಡು ಬೆಳಗಾಗುತ್ತಲೇ ಹೊರಟು, ಎರೆಮಣ್ಣು ತುಳಿದು, ಮಡ್ಡಿನಾಳಕ್ಕೆ ಬಂದು ರಸ್ತೆಯ ನಡುವೆ ನಿಂತಳು. ಒಂದು ಗಾಡಿಯೂ ಬರಲಿಲ್ಲ. ಹೊತ್ತು ಮೇಲೇರಿತು. ಶಿವಕಾಂತಾ ಬಂದು ಕೈ ಹಿಡಿದು ಕಟ್ಟೆಗೆ ಕರೆದುಕೊಂಡು ಹೋಗಿ ರೊಟ್ಟಿ, ಝುಣಕ ಕೊಟ್ಟಳು. ಇನ್ನೂ ಬಸ್ಸಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕೆಳಗಿನ ಹೊಲಗಳ ನಡುವೆ ಒಬ್ಬ ಮನುಷ್ಯ ಕೊಡೆ ಹಿಡಿದು, ಕಾಲು ಎತ್ತಿ ಎತ್ತಿ ಇಡುತ್ತ ಬರುವುದು ಕಂಡಿತು. ಶಾಂತಲಿಂಗಪ್ಪ. ಏದುಸಿರು ಬಿಡುತ್ತ ಕಟ್ಟೆಗೆ ಬಂದು ಕುಳಿತರು.

“ಮಡ್ಡಿನಾಳದ ಆಚಿ ಹಳ್ಳ ರಸ್ತಾ ಕೊಚ್ಚಿಕೊಂಡು ಹೋಗ್ಯದ,” ಎಂದರು. “ಬಸ್ಸೆಲ್ಲಾ ಹಳೇ ರಸ್ತಾಕ್ಕ ಹಚ್ಚ್ಯಾರ. ಮುಂಜಾನಿಂದ ನಮ್ಮ ಮನಿ ಮುಂದ ಹಾಯಾಕತ್ತಾವ.”

ಅಕ್ಕ ತಂಗಿ ಇಬ್ಬರೂ ಅವರನ್ನೇ ನೋಡಿದರು.

“ಖಾದರಸಾಬ ಬಸ್ ನಿಂದ್ರಿಸಿ ಮಜ್ಜಿಗಿ ಕೇಳಿದ. ಅಕ್ಕ ಎಲ್ಲಿ ಅಂದ.”

“ನೀವೇನಂದ್ರಿ?” ಎಂದಳು ಹೀರಾಬಾಯಿ.

“ಬಸ್ ಹಿಡ್ಯಾಕ ಹೋಗ್ಯಾಳ ಅಂದೆ.”

ಮೊದಲು ನಕ್ಕವಳು ಶಿವಕಾಂತಾ. ಸೆರಗು ಬಾಯಿಗೆ ಒತ್ತಿಕೊಂಡರೂ ತಡೆಯಲಾಗಲಿಲ್ಲ. ಹೀರಾಬಾಯಿ ಸಿಟ್ಟು ಮಾಡಲು ನೋಡಿದಳು, ಆಗಲಿಲ್ಲ, ಕಂಬಕ್ಕೆ ಆತುಕೊಂಡು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಇಬ್ಬರ ನಡುವೆ ಶಾಂತಲಿಂಗಪ್ಪ ತಾವು ಹೇಳಿದ್ದರಲ್ಲಿ ತಪ್ಪೇನಿದೆ ಎಂದು ಯೋಚಿಸುತ್ತ ಕುಳಿತಿದ್ದರು.

“ಏಳು ಅಕ್ಕಾ, ಈಗ ಹೊಂಟ್ರ ಸಂಜಿ ಬಸ್ಸರ ಸಿಗತದ. ನಾನೂ ಬರ್ತೇನಿ, ಕೂಸು ನೋಡಿಲ್ಲ,” ಎಂದಳು ಶಿವಕಾಂತಾ.

“ತಡಿಯಬೇ, ಅದು ನಿಂದ್ರತದ,” ಎಂದು ಹೀರಾಬಾಯಿ ಗಂಡನಿಗೆ ತಾಟು ಸರಿಸಿಕೊಟ್ಟಳು. “ಇವರು ಮುಂಜಾನಿಂದ ಉಂಡಿಲ್ಲ. ಝುಣಕ ಉಳದದೇನು?”