ಬೆನ್ನುಸೂಜಿಯ ಆಯಮ್ಮ

ಆಯಮ್ಮನ ಎಡಗೈ ಮೇಲೆ, ಮೊಣಕೈಯಿಂದ ಮಣಿಕಟ್ಟಿನವರೆಗೆ, ಮಕ್ಕಳು ಕಚ್ಚಿದ ಗುರುತುಗಳಿದ್ದವು. ಕೆಲವು ಹಳೆಯವು, ಬಿಳಿ ಚುಕ್ಕೆಗಳಾಗಿ ಚರ್ಮದೊಳಗೆ ಇಳಿದುಹೋಗಿದ್ದವು. ಕೆಲವು ಆ ವಾರದವು, ಇನ್ನೂ ಕೆಂಪಗಿದ್ದವು. ಒಂದು ಗುರುತಿನಲ್ಲಂತೂ ಮುಂದಿನ ಎರಡು ಹಾಲುಹಲ್ಲು ಬಿದ್ದುಹೋದ ಜಾಗವೂ ತಿಳಿಯುತ್ತಿತ್ತು. ಕೆಲಸಕ್ಕೆ ಸೇರಿದ ಮೊದಲ ದಿನ ಅದನ್ನು ನೋಡಿ, "ಇದೇನಮ್ಮ, ನಾಯಿ ಕಚ್ಚಿತ್ತಾ?" ಎಂದು ಕೇಳಿದ್ದೆ.

"ನಾಯಿ ಅಲ್ರಿ ಡಾಕ್ಟ್ರೆ, ಮಕ್ಳು. ಬೆನ್ನಿಗೆ ಸೂಜಿ ಹೋಗೋವಾಗ ಕಚ್ಚೋಕೆ ಏನಾರ ಬೇಕಲ್ಲ" ಎಂದರು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ವೈದ್ಯಕೀಯ ಓದು ಮುಗಿಸಿ ನಾನು ಚಿತ್ರದುರ್ಗದಲ್ಲಿ ಆಗ ಇದ್ದ, ಈಗ ಇಲ್ಲದ, ಒಂದು ಸಣ್ಣ ಧರ್ಮಾಸ್ಪತ್ರೆಯ ಮಕ್ಕಳ ವಾರ್ಡಿಗೆ ಸೇರಿದ್ದೆ. ಅವರು ಆ ವಾರ್ಡಿನ ಆಯಾ. ಎಲ್ಲರ ಬಾಯಲ್ಲೂ ಆಯಮ್ಮ. ನನಗೆ ಇಪ್ಪತ್ತೈದು, ಅವರಿಗೆ ನಲವತ್ತು ದಾಟಿತ್ತು. ಆದರೂ ಏಕವಚನದಲ್ಲೇ ಕರೆಯುತ್ತಿದ್ದೆ. ಈಗ ಬರೆಯುವಾಗ ಕೈ ಅದಕ್ಕೆ ಒಪ್ಪುತ್ತಿಲ್ಲ.

ಮೆದುಳು ಜ್ವರವಿರಬಹುದೆಂದು ಸಂಶಯ ಬಂದ ಮಗುವಿಗೆ ಆಗ ನಮ್ಮಲ್ಲಿದ್ದ ದಾರಿ ಒಂದೇ. ಮೆದುಳಿನ ಮತ್ತು ಬೆನ್ನುಹುರಿಯ ಸುತ್ತ ಒಂದು ತಿಳಿನೀರು ಇರುತ್ತದೆ. ಸೊಂಟದ ಹತ್ತಿರ ಎರಡು ಮೂಳೆಗಳ ನಡುವೆ ಸೂಜಿ ಇಳಿಸಿ ಆ ನೀರನ್ನು ಸ್ವಲ್ಪ ತೆಗೆದು ಪರೀಕ್ಷೆ ಮಾಡಬೇಕು. ನಾವು ಅದಕ್ಕೆ ಲಂಬಾರ್ ಪಂಕ್ಚರ್ ಎನ್ನುತ್ತಿದ್ದೆವು, ಹಳ್ಳಿಯಿಂದ ಬಂದವರು ಬೆನ್ನುಸೂಜಿ ಎನ್ನುತ್ತಿದ್ದರು. ನೀರು ತಿಳಿಯಾಗಿದೆಯೋ ಮಬ್ಬಾಗಿದೆಯೋ, ಅದರಲ್ಲಿ ಎಂಥ ಕಣಗಳಿವೆ, ಸಕ್ಕರೆ ಎಷ್ಟಿದೆ ಎಂದು ತಿಳಿದರೆ ಅದು ಕೀವಿನ ಜ್ವರವೋ ಕ್ಷಯವೋ ಗೊತ್ತಾಗಿ ಸರಿಯಾದ ಮದ್ದು ಶುರುಮಾಡಬಹುದಿತ್ತು. ತಪ್ಪು ಮದ್ದಿನಲ್ಲಿ ಎರಡು ದಿನ ಕಳೆದರೆ ಮಗು ಉಳಿಯುವುದು ಕಷ್ಟ. ಉಳಿದರೂ ಕಿವಿಯೋ ಕಣ್ಣೋ ಹೋಗುತ್ತಿತ್ತು.

ಸೂಜಿ ಹಾಕುವುದು ಡಾಕ್ಟರ ಕೆಲಸ ಎಂದು ಜನ ತಿಳಿಯುತ್ತಾರೆ. ಅರ್ಧ ಕೆಲಸ ಹಿಡಿದುಕೊಳ್ಳುವವರದು. ಮಗುವನ್ನು ಪಕ್ಕಕ್ಕೆ ಮಲಗಿಸಿ, ಮೊಣಕಾಲು ಹೊಟ್ಟೆಗೆ ಸೇರುವಂತೆ, ಗದ್ದ ಎದೆಗೆ ತಾಗುವಂತೆ ಬಗ್ಗಿಸಿ ಅಲುಗದ ಹಾಗೆ ಹಿಡಿಯಬೇಕು. ಆಗ ಮಾತ್ರ ಬೆನ್ನಿನ ಮೂಳೆಗಳ ನಡುವೆ ಜಾಗ ಬಿಟ್ಟುಕೊಳ್ಳುತ್ತದೆ. ಆಯಮ್ಮ ಒಂದು ಕೈಯನ್ನು ಕತ್ತಿನ ಹಿಂದೆ, ಇನ್ನೊಂದನ್ನು ಮಂಡಿಯ ಹಿಂದೆ ಹಾಕಿ, ಮಗುವಿನ ಮೇಲೆ ತಾವೇ ಬಾಗಿ, ಕೆನ್ನೆಗೆ ಕೆನ್ನೆ ಒತ್ತಿ ಹಿಡಿಯುತ್ತಿದ್ದರು. ಅವರದು ಧರ್ಮಪುರದ ಕಡೆ ಕುರಿ ಸಾಕುವ ಮನೆತನ. "ಉಣ್ಣೆ ಕತ್ರಿಸೋವಾಗ ನಮ್ಮಪ್ಪ ಕುರಿ ಹಿಡಿಯೋಕೆ ನನ್ನೇ ಕರೀತಿದ್ದ" ಎಂದು ಒಮ್ಮೆ ಹೇಳಿದರು. "ಅದುಮಿ ಹಿಡಿದ್ರೆ ಒದಿತೈತೆ ಡಾಕ್ಟ್ರೆ. ಅಪ್ಕಂಡ್ರೆ ಸುಮ್ಕಾಗ್ತೈತೆ."

ನನ್ನ ಮೊದಲ ಸೂಜಿಯ ದಿನ ನಾನು ಸೂಜಿಯ ತುದಿಯನ್ನೇ ನೋಡುತ್ತ ನಿಂತಿದ್ದೆ. ಆಯಮ್ಮ ಮಗುವಿನ ಮೇಲೆ ಬಾಗಿದ್ದಲ್ಲಿಂದಲೇ ಪಿಸುಗುಟ್ಟಿದರು: "ಸೂಜಿ ನೋಡಬ್ಯಾಡ್ರಿ. ಬೆನ್ನು ನೋಡ್ರಿ. ನಾನು ಬಿಡಲ್ಲ."

ತುಂಬ ಮೃದು ಮನಸ್ಸಿನವರೆಂದು ತಿಳಿಯಬೇಡಿ. ಹೊಗೆಸೊಪ್ಪು ಹಾಕುತ್ತಿದ್ದರು, ಕೋಪ ಬಂದರೆ ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ಮುಗಿಸುತ್ತಿದ್ದರು. ನೀರು ತೆಗೆದ ತಕ್ಷಣ ಗಾಜಿನ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ತಿಳಿ ಐತೆ" ಅಥವಾ "ಮಬ್ಬೈತೆ" ಎಂದು ಹೇಳಿಯೇ ಮುಂದಿನ ಮಾತು. ಆಮೇಲೆ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಲ್ಯಾಬಿಗೆ ಓಡುತ್ತಿದ್ದರು. ತಡವಾದರೆ ನೀರಿನೊಳಗಿನ ಕಣಗಳು ಕರಗಿಹೋಗುತ್ತವೆ ಎಂದು ಯಾರೋ ಹೇಳಿದ್ದು ಅವರಿಗೆ ನೆನಪಿತ್ತು. ಲ್ಯಾಬಿನವನು ಊಟಕ್ಕೆ ಎದ್ದಿದ್ದರೆ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು. "ಏನಪ್ಪ, ಮುದ್ದೆ ಎಲ್ಲಿಗೆ ಓಡೋಗ್ತೈತೆ? ಕೂಸು ಓಡೋಗ್ತೈತೆ." ಕ್ಷಯದ ಅನುಮಾನವಿದ್ದರೆ ಒಂದು ಕೊಳವೆಯನ್ನು ಮರುದಿನದವರೆಗೆ ಅಲುಗಿಸದೆ ಇಡಬೇಕು. ಜೇಡರಬಲೆಯಂಥ ತೆಳುವಾದ ಪೊರೆಯೊಂದು ಕಟ್ಟಿದರೆ ಅದು ಕ್ಷಯವೇ. ಬೆಳಿಗ್ಗೆ ನಾನು ಮೆಟ್ಟಿಲು ಹತ್ತುವ ಮೊದಲೇ ಆಯಮ್ಮ ಅದನ್ನು ನೋಡಿ ಬಂದಿರುತ್ತಿದ್ದರು. "ಬಲೆ ಕಟ್ಟೈತೆ" ಎನ್ನುವಾಗ ಅವರ ದನಿ ಇಳಿದಿರುತ್ತಿತ್ತು.

ಆದರೆ ಸೂಜಿಯ ತನಕ ಬರುವುದೇ ದೊಡ್ಡ ಕಷ್ಟ. ಬೆನ್ನಿನ ನೀರು ತೆಗೆದರೆ ಕಾಲು ಬಿದ್ದುಹೋಗುತ್ತವೆ ಎಂಬ ಭಯ ಹೊಸದುರ್ಗದಿಂದ ಹಿರಿಯೂರಿನವರೆಗೆ ಎಲ್ಲ ಹಳ್ಳಿಗಳಲ್ಲೂ ಇತ್ತು. ತಾಯಂದಿರು ಮಗುವನ್ನು ಎತ್ತಿಕೊಂಡು ಹೊರಟೇ ಬಿಡುತ್ತಿದ್ದರು. ಅಂಥವರನ್ನು ಆಯಮ್ಮ ಬಾಗಿಲಲ್ಲಿ ತಡೆದು ಕೂರಿಸುತ್ತಿದ್ದರು. ಅವರು ಏನು ಹೇಳುತ್ತಾರೆಂದು ನನಗೆ ಬಹಳ ದಿನ ಗೊತ್ತಿರಲಿಲ್ಲ. ಒಮ್ಮೆ ಕೇಳಿಸಿತು.

"ಇದೇ ಮಂಚದ ಮ್ಯಾಲೆ ನನ್ ಮಗಳು ಮಲಗಿದ್ಲು ತಂಗಿ. ಐದು ವರ್ಷದೋಳು. ಡಾಕ್ಟ್ರು ಬೆನ್ನಾಗಿನ ನೀರು ತಗೀಬೇಕು ಅಂದ್ರು. ನಾನು ಬ್ಯಾಡ ಅಂದೆ. ಹೆಗಲ ಮ್ಯಾಲೆ ಹಾಕ್ಕಂಡು ಬಸ್ ಹತ್ತಿದೆ. ಹಿರಿಯೂರಾಗೆ ಧರ್ಮಪುರದ ಬಸ್ಸಿಗೆ ಕಾಯ್ತಾ ಕುಂತಿದ್ದಾಗ ಮೈ ತಣ್ಣಗಾತು. ಬಸ್ ಬಂತು, ಹೋತು. ನಾನು ಏಳಲಿಲ್ಲ. ಕಾಲು ಚೆನ್ನಾಗೇ ಇದ್ವು ತಂಗಿ, ಅವಳ ಕಾಲು."

ಆ ತಾಯಿ ಒಪ್ಪಿಗೆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು. ಸಾಮಾನ್ಯವಾಗಿ ಎಲ್ಲರೂ ಒತ್ತುತ್ತಿದ್ದರು.

ಮಾಡದಕೆರೆಯ ಕಡೆಯಿಂದ ಬಂದ ಹೆಣ್ಣುಮಗಳೂ ಹಾಗೆಯೇ ಒತ್ತಿದಳು. ಏಳು ವರ್ಷದ ಮಗ. ಒಂದು ತಿಂಗಳಿಂದ ತಲೆನೋವು, ಬೆಳಿಗ್ಗೆ ಎದ್ದರೆ ವಾಂತಿ. ನಡೆಯುವಾಗ ಒಂದು ಪಕ್ಕಕ್ಕೆ ವಾಲುತ್ತಿದ್ದನಂತೆ. ಬಂದಾಗ ಮಂಪರಿನಲ್ಲಿದ್ದ. ನನಗೆ ಕ್ಷಯದ ಮೆದುಳು ಜ್ವರ ಎನ್ನಿಸಿತು. ಆದರೆ ಬೆನ್ನುಸೂಜಿಗೆ ಮೊದಲು ಮಾಡಲೇಬೇಕಾದ ಒಂದು ಕೆಲಸವಿದೆ. ಮೆದುಳಿನಲ್ಲಿ ಗಡ್ಡೆಯಿದ್ದು ಒತ್ತಡ ಏರಿದ್ದರೆ, ಕೆಳಗಿನಿಂದ ನೀರು ತೆಗೆದಾಗ ಮೇಲಿನ ಮೆದುಳು ಕುಸಿದು ಉಸಿರಾಟವನ್ನು ನಡೆಸುವ ಜಾಗವನ್ನೇ ಹಿಸುಕಿಬಿಡಬಹುದು. ಆ ಒತ್ತಡ ಕಣ್ಣಿನ ಹಿಂಭಾಗದಲ್ಲಿ ಊತವಾಗಿ ಕಾಣಿಸುತ್ತದೆ. ಅದಕ್ಕೇ ಮೊದಲು ಕಣ್ಣು ನೋಡಬೇಕು. ನೋಡುವ ಉಪಕರಣ ಅಂಗಳದಾಚೆ ಕಣ್ಣಿನ ಡಾಕ್ಟರ ಕೋಣೆಯಲ್ಲಿತ್ತು. ಕೋಣೆಗೆ ಬೀಗ. ಕೀಲಿ ಇಟ್ಟುಕೊಂಡಿದ್ದ ಗುಮಾಸ್ತ ಊಟಕ್ಕೆ ಮನೆಗೆ ಹೋಗಿದ್ದ.

ಅರ್ಧ ಗಂಟೆ ಕಾದಿದ್ದರೆ ಆಗುತ್ತಿತ್ತು. ಆ ತಾಯಿ ಅಷ್ಟರಲ್ಲಿ ಮನಸ್ಸು ಬದಲಾಯಿಸಿಬಿಟ್ಟರೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ ನನಗೆ ಕಾಯುವ ವ್ಯವಧಾನವಿರಲಿಲ್ಲ. ಅಷ್ಟು ಹೊತ್ತಿಗೆ ಕೈ ಪಳಗಿತ್ತು, ಆ ಜಂಬವೂ ಇತ್ತು.

ಆಯಮ್ಮ ಹುಡುಗನನ್ನು ಅಪ್ಪಿ ಹಿಡಿದರು. ಸೂಜಿ ಸರಿಯಾಗಿಯೇ ಇಳಿಯಿತು. ಯಾವಾಗಲೂ ಹನಿಹನಿಯಾಗಿ ಬರುತ್ತಿದ್ದ ನೀರು ಅಂದು ಚಿಮ್ಮಿ ನನ್ನ ತೋಳಿಗೆ ಬಡಿಯಿತು. ಸೂಜಿ ಎಳೆದುಬಿಟ್ಟೆ. ಆಯಮ್ಮ ತಲೆ ಎತ್ತಿ ನನ್ನ ಮುಖ ನೋಡಿದರು. ಅಷ್ಟರಲ್ಲೇ ಕೊಳವೆಗೆ ಬಿದ್ದಿದ್ದಷ್ಟನ್ನು ಬೆಳಕಿಗೆ ಹಿಡಿದು "ತಿಳಿ ಐತೆ" ಎಂದರು, ಆದರೆ ಲ್ಯಾಬಿಗೆ ಓಡಲಿಲ್ಲ. ಕಾಲು ಗಂಟೆಯಲ್ಲಿ ಹುಡುಗನ ಒಂದು ಕಣ್ಣಿನ ಪಾಪೆ ಅಗಲವಾಗಿ ನಿಂತಿತು. ಉಸಿರು ತಡೆದು ತಡೆದು ಬಂತು, ಆಮೇಲೆ ಬರಲಿಲ್ಲ. ನಾನು ಎದೆ ಒತ್ತಿದೆ, ಇಂಜೆಕ್ಷನ್ ಕೊಟ್ಟೆ, ಮತ್ತೆ ಒತ್ತಿದೆ. "ಸಾಕು ಬಿಡ್ರಿ" ಎಂದು ಆಯಮ್ಮನೇ ನನ್ನ ಕೈ ಹಿಡಿದು ನಿಲ್ಲಿಸಿದರು.

ಆಸ್ಪತ್ರೆಯ ದೊಡ್ಡ ಡಾಕ್ಟರು ಬಂದು ಒಂದೇ ಪ್ರಶ್ನೆ ಕೇಳಿದರು. "ಮೊದಲು ಕಣ್ಣು ನೋಡಿದ್ರಾ?"

"ನೋಡಿದೆ ಸಾರ್. ಊತ ಇರಲಿಲ್ಲ."

ಹುಡುಗ ಬಂದಾಗಿನಿಂದ ಅವನ ಪಕ್ಕ ಬಿಟ್ಟಿರದ ಆಯಮ್ಮ ಮೇಜು ಒರೆಸುತ್ತಿದ್ದರು. ಅವರ ಕೈ ನಿಂತಿತು. ಮತ್ತೆ ಒರೆಸತೊಡಗಿದರು.

ಹೊರಗೆ ಅಂಗಳದಲ್ಲಿ ಆ ತಾಯಿ ನನ್ನ ಕಡೆ ನೋಡಲೂ ಇಲ್ಲ. ಎರಡು ಕೈಯಲ್ಲೂ ಮಣ್ಣು ಬಾಚಿ ಆಯಮ್ಮನ ಮೇಲೆ ತೂರಿದಳು. "ನೀನೇ ಕಣೇ! ನಿನ್ ಮಾತು ಕೇಳಿ ಹೆಬ್ಬೆಟ್ಟು ಒತ್ತಿದೆ! ನಿನ್ ಕೂಸು ಹೋತು ಅಂತ ನನ್ ಕೂಸೂ ಹೋಗ್ಬೇಕಿತ್ತಾ?" ಆಯಮ್ಮ ಮುಖ ಕೂಡ ತಿರುಗಿಸಲಿಲ್ಲ. ಆ ತಾಯಿ ಸುಸ್ತಾಗಿ ಕುಸಿಯುವವರೆಗೆ ನಿಂತೇ ಇದ್ದರು. ನಾನು ವಾರ್ಡಿನ ಕಿಟಕಿಯ ಹಿಂದಿದ್ದೆ.

ಆಯಾಗಳು ರೋಗಿಗಳ ಕಡೆಯವರಿಗೆ ಬುದ್ಧಿ ಹೇಳಕೂಡದು ಎಂದು ಮರುದಿನ ಆಡಳಿತದವರು ತೀರ್ಮಾನಿಸಿದರು. ಆಯಮ್ಮನನ್ನು ವಾರ್ಡಿನಿಂದ ತೆಗೆದು ಬಟ್ಟೆ ಒಗೆಯುವ ಕಡೆ ಹಾಕಿದರು. ನಾನು ಬಾಯಿ ಬಿಡಲಿಲ್ಲ.

ಆಮೇಲೆ ಆರು ವಾರ ನಾನು ಬೆನ್ನುಸೂಜಿ ಹಿಡಿಯಲಿಲ್ಲ. ಕೆಲವು ಮಕ್ಕಳಿಗೆ ಅಂದಾಜಿನ ಮೇಲೆ ಮದ್ದು ಕೊಟ್ಟೆ. ಇಬ್ಬರನ್ನು ದಾವಣಗೆರೆಗೆ ಕಳಿಸಿದೆ, ಅದರಲ್ಲೊಂದು ಮಗು ದಾರಿಯಲ್ಲೇ ಹೋಯಿತೆಂದು ತಿಳಿಯಿತು. ಏಳನೆಯ ವಾರ ಹೊಳಲ್ಕೆರೆಯಿಂದ ಮೂರು ವರ್ಷದ ಹೆಣ್ಣುಮಗು ಬಂತು. ಜ್ವರಕ್ಕೆ ಮೈ ಕಾದ ಹಂಚಿನಂತಿತ್ತು, ಕತ್ತು ಮರದಂತೆ ಸೆಟೆದಿತ್ತು, ಅರ್ಧ ಗಂಟೆಗೊಮ್ಮೆ ಫಿಟ್ಸು. ಕಳಿಸಿದರೆ ದಾರಿಯಲ್ಲಿ ಉಳಿಯುವುದಿಲ್ಲ ಎಂದು ಗೊತ್ತಿತ್ತು. ಒಗೆಯುವ ಕಟ್ಟೆಯ ಹತ್ತಿರ ಹೋದೆ. ಆಯಮ್ಮ ಹಂಡೆಯಲ್ಲಿ ಹಾಸಿಗೆ ಬಟ್ಟೆ ಕುದಿಸುತ್ತಿದ್ದರು.

"ಆಯಮ್ಮ, ಒಂದು ಮಗು ಬಂದಿದೆ. ಹಿಡಿಯೋಕೆ ಯಾರೂ ಇಲ್ಲ."

ಅವರು ಕೋಲು ತಿರುಗಿಸುವುದನ್ನು ನಿಲ್ಲಿಸಲಿಲ್ಲ. "ಕಣ್ಣು ನೋಡಿದ್ರಾ?"

"ನೋಡಿದೆ. ಈ ಸಲ ನಿಜವಾಗಿ ನೋಡಿದೆ."

ಬಾಯಿಂದ ಬಿದ್ದ ಮೇಲೆ ನನಗೆ ನನ್ನ ಮಾತು ಅರ್ಥವಾಯಿತು. ಆಯಮ್ಮ ಕೋಲು ಪಕ್ಕಕ್ಕಿಟ್ಟು ಸೆರಗಿನಿಂದ ಕೈ ಒರೆಸಿಕೊಂಡರು.

"ಹಂಗಾದ್ರೆ ಹೋಗಾಣ, ನಡೀರಿ."

ಸೂಜಿಯಿಂದ ಅಕ್ಕಿ ತೊಳೆದಂಥ ಮಬ್ಬು ನೀರು ಬಂತು. ಕೀವಿನ ಜ್ವರ. ಆ ಗಳಿಗೆಯಿಂದಲೇ ಪೆನ್ಸಿಲಿನ್ ಶುರುಮಾಡಿದೆವು. ಮಗು ಬದುಕಿತು, ಎರಡೂ ಕಿವಿ ಹೋದವು. ಕೂಗಿದರೆ ತಿರುಗುತ್ತಿಲ್ಲ ಎಂಬುದನ್ನು ಮೊದಲು ಕಂಡುಹಿಡಿದವರೂ ಆಯಮ್ಮನೇ. ಅದರ ತಾಯಿಗೆ ಹೇಳಿ ಬಂದು ಅವರು ಜಗಲಿಯಲ್ಲಿ ಕೂತಿದ್ದಾಗ ನಾನು ಪಕ್ಕದಲ್ಲಿ ಹೋಗಿ ನಿಂತೆ.

"ಆ ದಿನ ನೀನು ದೊಡ್ಡ ಡಾಕ್ಟರಿಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿಮ್ಮನ್ನ ಕಳಿಸ್ತಿದ್ರು. ಮುಂದೆ ಬರೋ ಕೂಸುಗಳಿಗೆ ಸೂಜಿ ಹಾಕೋರು ಯಾರು?" ಹೊಗೆಸೊಪ್ಪು ಉಗುಳಿ ಬಂದರು. "ಆ ಕೋಣೆಗೆ ಬೀಗ ಇತ್ತು ಅಂತ ಆಮ್ಯಾಲೆ ತಿಳೀತು. ಕೀಲಿ ಇಲ್ಲ ಅಂತ ಒಂದು ಮಾತು ಅಂದಿದ್ರೆ ಆ ಗುಮಾಸ್ತನ ಮನೀಗೆ ನಾನೇ ಓಡ್ತಿದ್ದೆ ಡಾಕ್ಟ್ರೆ. ಅದು ಹೋಗ್ಲಿ. ಆಮ್ಯಾಲೆ ಆರು ವಾರ ಕೈ ಕಟ್ಕಂಡು ಕುಂತ್ರಲ್ಲ, ಅದಕ್ಕೆ ನಂಗೆ ಸಿಟ್ಟು."

"ನನ್ನದೇ ತಪ್ಪು, ಆಯಮ್ಮ."

"ನಂಗೆ ಹೇಳಿ ಏನು ಬಂತು? ಆ ತಾಯಿಗೆ ಹೇಳ್ರಿ."

ಹೇಳುತ್ತೇನೆ ಎಂದೆ. ಆ ವಾರ ಹೋಗಲಿಲ್ಲ, ಆ ತಿಂಗಳೂ ಹೋಗಲಿಲ್ಲ. ಆಯಮ್ಮ ಮತ್ತೆ ಕೇಳಲಿಲ್ಲ. ಅವರು ಒಗೆಯುವ ಕಡೆಯೇ ಉಳಿದರು, ಸೂಜಿ ಇದ್ದಾಗ ಮಾತ್ರ ಕರೆದರೆ ಬಂದು ಹಿಡಿದು ಹೋಗುತ್ತಿದ್ದರು. ಅವರನ್ನು ವಾರ್ಡಿಗೆ ವಾಪಸ್ಸು ಹಾಕಿ ಎಂದು ನಾನು ಕೇಳಬಹುದಿತ್ತು. ಯಾಕೆ ಎಂಬ ಪ್ರಶ್ನೆ ಬರುತ್ತದೆಂದು ಕೇಳಲಿಲ್ಲ. ತಾಯಂದಿರನ್ನು ಬಾಗಿಲಲ್ಲಿ ತಡೆಯುವವರು ಈಗ ಇರಲಿಲ್ಲ. ಎಷ್ಟೋ ಮಕ್ಕಳು ಹೆಗಲ ಮೇಲೆ ಹಾಗೇ ವಾಪಸ್ಸು ಹೋದವು. ಸೂಜಿಯ ಪ್ರತಿ ಸಲವೂ ನಾನು ಕಣ್ಣು ನೋಡುತ್ತಿದ್ದೆ, ಮೇಜಿನ ಹತ್ತಿರ ಬಂದಾಗ ಆಯಮ್ಮ ಪ್ರತಿ ಸಲವೂ ಕೇಳುತ್ತಿದ್ದರು, ನಾನು ಉತ್ತರ ಕೊಟ್ಟ ಮೇಲೆಯೇ ಮಗುವನ್ನು ಬಗ್ಗಿಸುತ್ತಿದ್ದರು.

ಎರಡು ವರ್ಷದ ಮೇಲೆ ನನಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು. ಆ ದಶಕ ಮುಗಿಯುವ ಹೊತ್ತಿಗೆ, ವಾರ್ಡಿನಲ್ಲಿ ಜೊತೆಗಿದ್ದ ನರ್ಸೊಬ್ಬರು ಬರೆದ ಕಾಗದದಲ್ಲಿ ಎರಡು ಸಾಲು ಇದ್ದವು. ಎದೆನೋವೆಂದು ಮಲಗಿದ ಆಯಮ್ಮ ಏಳಲಿಲ್ಲ. ಅವರ ಅಣ್ಣನ ಮಕ್ಕಳು ಬಂದು ಧರ್ಮಪುರದ ಕಡೆಗೆ ಒಯ್ದರು.

ಮುಂದಿನ ಭಾನುವಾರ ನಾನು ಹೊಸದುರ್ಗಕ್ಕೆ ಬಂದು ಮಾಡದಕೆರೆಯ ಬಸ್ಸು ಹತ್ತಿದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಆ ತಾಯಿ ಹೊರಗೆ ಕೂತು ಮೊರದಲ್ಲಿ ರಾಗಿ ಕೇರುತ್ತಿದ್ದಳು. ನನ್ನ ಗುರುತು ಸಿಗಲಿಲ್ಲ. ಯಾರೆಂದು ಹೇಳಿದೆ. ನಿಂತುಕೊಂಡೇ, ಕೀಲಿಯ ವಿಷಯ, ಕಣ್ಣು ನೋಡದಿದ್ದದ್ದು, ನೋಡಿದೆನೆಂದು ಸುಳ್ಳು ಹೇಳಿದ್ದು, ಎಲ್ಲ ಹೇಳಿದೆ. ಅವನಿಗೆ ಗಡ್ಡೆಯೇ ಇದ್ದಿದ್ದರೆ ಹೇಗೂ ಉಳಿಯುತ್ತಿರಲಿಲ್ಲವೇನೋ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಮಾತ್ರ ಹೇಳಲಿಲ್ಲ.

ಆಕೆ ಮೊರ ಕೆಳಗಿಟ್ಟಳು. ಆಮೇಲೆ ಕೇಳಿದಳು.

"ಆ ಆಯಮ್ಮಂಗೆ ಇದು ಗೊತ್ತಿತ್ತಾ?"

"ಗೊತ್ತಿತ್ತು."

"ಹನ್ನೊಂದು ದಿನ ಆದ್ಮ್ಯಾಲೆ ಇಲ್ಲೀಗಂಟ ಬಂದಿದ್ಲು. ಇದೇ ಕಲ್ಲಿನ ಮ್ಯಾಲೆ ಕುಂತಿದ್ಲು. ನಿನ್ನ ಒಪ್ಪಿಸಿದೋಳು ನಾನೇ, ಎಷ್ಟು ಬೇಕಾದ್ರೂ ಬೈಯಿ ಅಂದ್ಲು. ಬೈದೆ. ಬಾಯಿಗೆ ಬಂದಂಗೆ ಬೈದೆ. ಒಂದು ಲೋಟ ನೀರೂ ಕೊಡಲಿಲ್ಲ. ನಿಮ್ ಹೆಸರು ಎತ್ತಲಿಲ್ಲ ಅವಳು." ಆಕೆ ಎದ್ದು ನಿಂತಳು. "ಎಲ್ಲಿದಾಳೆ ಈಗ? ದುರ್ಗದಾಗೇ ಇದಾಳಾ?"

"ತೀರಿಕೊಂಡರು. ಹೋದ ತಿಂಗಳು."

ಆಕೆ ನನ್ನನ್ನೇ ನೋಡಿದಳು. ಅಷ್ಟು ಹೊತ್ತು ಇಲ್ಲದ ಕೋಪ ಆಗ ಅವಳ ಮುಖಕ್ಕೆ ಬಂತು.

"ಅವಳು ಬದುಕಿದ್ದಾಗ ಬಂದಿದ್ರೆ ನಾನೇ ಹೋಗಿ ಅವಳ ಕಾಲು ಹಿಡ್ಕಂತಿದ್ದೆ. ಅದನ್ನೂ ಕಿತ್ಕಂಡ್ರಲ್ರಿ ನೀವು."

ಆಕೆ ಒಳಗೆ ಹೋಗಿ ಬಾಗಿಲು ಮುಂದಕ್ಕೆ ತಳ್ಳಿದಳು. ನಾನು ಬಸ್ಸು ನಿಲ್ಲುವ ಕಡೆಗೆ ನಡೆದೆ.